ರನ್, ರ್ಯಾನ್, ರನ್

ಮೆಟ್ಟಿಲ ಕೆಳಗಿನ ಲಾಂಡ್ರಿ
ಹದಿನಾಲ್ಕನೇ ತಾರೀಖು, ಗುರುವಾರ, ಮಧ್ಯಾಹ್ನ

ಪ್ರೀತಿಯ ಅಪ್ಪಾ,

‘ಪ್ರೀತಿಯ’ ಎಂದು ಬರೆದು ಒಮ್ಮೆ ಹೊಡೆದುಹಾಕಿದೆ. ಆಮೇಲೆ ಹಾಳೆ ಬದಲಾಯಿಸಿ ಮತ್ತೆ ಅದನ್ನೇ ಬರೆದೆ. ಹದಿಮೂರು ವರ್ಷದ ಮೇಲೆ ಬರೆಯುತ್ತಿರುವ ಕಾಗದ, ಚಿತ್ತು ಕಾಟು ಇರಬಾರದು. ಚಿತ್ತು ಕಂಡರೆ ನಿಮಗೆ ಮೈ ಉರಿಯುತ್ತದೆ ಎಂಬುದನ್ನು ಮರೆತಿಲ್ಲ. ನಿಮ್ಮ ಕಣ್ಣಿನ ಆಪರೇಷನ್ ಆಯಿತಂತೆ. ಎಡಗಣ್ಣೋ ಬಲಗಣ್ಣೋ ಅಣ್ಣ ಹೇಳಲಿಲ್ಲ, ಅವನು ಮೊದಲಿನಿಂದಲೂ ಅರ್ಧ ಸುದ್ದಿಯವನು. ಯಾವುದೇ ಆಗಲಿ, ಹನಿ ಬಿಡುವುದನ್ನು ತಪ್ಪಿಸಬೇಡಿ, ಬಿಟ್ಟ ತಕ್ಷಣ ಪೇಪರ್ ಹಿಡಿದು ಕೂರಬೇಡಿ. ಅಮ್ಮನ ಮಂಡಿ ಹೇಗಿದೆ? ಬಟ್ಟೆ ಒಣಗಹಾಕಲು ಅವಳನ್ನು ತಾರಸಿಗೆ ಹತ್ತಿಸಬೇಡಿ. ಅತ್ತಿಗೆಗೆ ಪುರುಸೊತ್ತಿಲ್ಲದಿದ್ದರೆ ಅಣ್ಣ ಹೋಗಲಿ. ಒದ್ದೆ ಬಟ್ಟೆ ಮುಟ್ಟಿದರೆ ಗಂಡಸಿನ ಕೈ ಸವೆಯುವುದಿಲ್ಲ, ಇಷ್ಟು ವರ್ಷ ಹತ್ತಿರದಿಂದ ನೋಡಿ ಹೇಳುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ಸೋಪಿನ ನೀರಿಗೆ ಬೆರಳ ತುದಿ ಬಿರಿಯುವುದು ಬಿಟ್ಟರೆ ಆರೋಗ್ಯಕ್ಕೆ ಏನೂ ಕೊರತೆಯಿಲ್ಲ.

ಕಳೆದ ಸೋಮವಾರ ಅಣ್ಣ ಬಂದಿದ್ದ. ಒಳಗೆ ಬಾ ಎಂದರೆ ಬರಲಿಲ್ಲ. ಗಿರಾಕಿಯ ಹಾಗೆ ಕೌಂಟರಿನ ಆಚೆಯೇ ನಿಂತು ಜೇಬಿನಿಂದ ನಿಮ್ಮ ಚೀಟಿ ತೆಗೆದು ನನ್ನ ಮುಂದಿಟ್ಟ. ಅಭ್ಯಾಸಬಲ ನೋಡಿ, ನನ್ನ ಕೈ ತಾನಾಗಿ ಟೋಕನ್ ಡಬ್ಬಿಗೆ ಹೋಗಿತ್ತು. ಚೀಟಿಯಲ್ಲಿ ಮೂರೇ ಸಾಲು. ‘ಓಡಿದ್ದು ಸಾಕು. ಅಂಗಡಿಯನ್ನು ಯಾರಿಗಾದರೂ ಒಪ್ಪಿಸಿ ಮನೆಗೆ ಬಾ. ಹಿಂದಿನದನ್ನು ಯಾರೂ ಎತ್ತುವುದಿಲ್ಲ.’ ನಿಮ್ಮ ಅಳಿಯ ತೀರಿಕೊಂಡು ಎರಡು ವರ್ಷವಾದ ಮೇಲೆ ನಿಮ್ಮಿಂದ ಬಂದ ಮೊದಲ ಮಾತು ಇದು. ಅಳಿಯ ಎಂದಿದ್ದಕ್ಕೆ ಹುಬ್ಬು ಗಂಟಿಕ್ಕಬೇಡಿ. ನೀವು ಒಪ್ಪಿದರೂ ಬಿಟ್ಟರೂ ಸಂಬಂಧಕ್ಕೆ ಬೇರೆ ಹೆಸರಿಲ್ಲ. ಚೀಟಿ ಓದಿ ಅತ್ತೆ, ಸುಳ್ಳು ಹೇಳುವುದಿಲ್ಲ. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಹಿಂದಿನದನ್ನು ಎತ್ತುವುದಿಲ್ಲ ಎನ್ನುವವರು ಮೊದಲ ಸಾಲಿನಲ್ಲೇ ಎತ್ತಿ ಕುಕ್ಕಿದ್ದೀರಲ್ಲ, ‘ಓಡಿದ್ದು’ ಎಂದು! ಆ ಮನೆಯಲ್ಲಿ ನನಗೆ ಉಳಿದಿರುವ ಹೆಸರು ‘ಓಡಿಹೋದವಳು’ ಎಂಬುದು ಅಣ್ಣನ ಬಾಯಿಂದಲೇ ಗೊತ್ತು. ಅವನ ಮಗಳು ನನ್ನ ಫೋಟೋ ನೋಡಿ ‘ಇವ್ರು ಓಡಿಹೋದ ಅತ್ತೆ’ ಅನ್ನುತ್ತಾಳಂತೆ, ದೊಡ್ಡತ್ತೆ ಚಿಕ್ಕತ್ತೆ ಅಂದಷ್ಟು ಸಲೀಸಾಗಿ. ನಾನು ಈ ಕಾಗದ ಬರೆಯಲು ಕೂತಿದ್ದೇ ಆ ಒಂದು ಪದದ ಸಲುವಾಗಿ. ಮೆಷಿನ್ನಿಗೆ ಬೆಡ್‌ಶೀಟು ಹಾಕಿದ್ದೇನೆ, ಮುಗಿಯಲು ಇನ್ನೂ ಒಂದು ಗಂಟೆಯಿದೆ. ನೀವೂ ಪುರುಸೊತ್ತಾಗಿ ಓದಿ.

ನಿಮಗೆ ನೆನಪಿದೆಯೋ ಇಲ್ಲವೋ, ಕಚೇರಿಯಲ್ಲಿ ದಿನವೆಲ್ಲ ಟೈಪ್ ಮಾಡಿ ಬಂದು, ಅಂಗಿ ಕೂಡ ಬಿಚ್ಚದೆ ಅಣ್ಣನನ್ನು ಮುಂದಿನ ಕೋಣೆಯಲ್ಲಿ ಕೂರಿಸಿಕೊಂಡು ಇಂಗ್ಲಿಷ್ ಕ್ರಿಯಾಪದ ಬಾಯಿಪಾಠ ಮಾಡಿಸುತ್ತಿದ್ದಿರಿ. ನಾನೂ ಕೂರುತ್ತೇನೆ ಎಂದರೆ ‘ನಿಂಗ್ಯಾಕೆ ಇಂಗ್ಲಿಷು, ಹೋಗು ಒಳಗೆ’ ಅನ್ನುತ್ತಿದ್ದಿರಿ. ಒಳಗೆ ಹೋದೆ, ಆದರೆ ಬಾಗಿಲಿನವರೆಗೆ ಮಾತ್ರ. ಅದರ ಹಿಂದೆ ಕೂತು ಒಣಗಿದ ಬಟ್ಟೆ ಮಡಚುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಗೋ ವೆಂಟ್ ಗಾನ್‌ಗೆ ಒಂದು ಟವೆಲ್ಲು, ಈಟ್ ಏಟ್ ಈಟನ್‌ಗೆ ಒಂದು ದಿಂಬಿನ ಚೀಲ. ರನ್ ರ್ಯಾನ್ ರನ್, ಓಡು ಓಡಿದ ಓಡಿದ. ಅಣ್ಣ ಯಾವತ್ತೂ ‘ಶೀ ರನ್’ ಅನ್ನುವುದು, ನಿಮ್ಮ ಸ್ಕೇಲು ಮೇಜಿಗೆ ಬಡಿಯುವುದು. ‘ಎಷ್ಟು ಸಲ ಹೇಳ್ಬೇಕೋ ನಿಂಗೆ! ಅವನು ಬಂದ್ರೂ ಎಸ್ಸು, ಅವಳು ಬಂದ್ರೂ ಎಸ್ಸು. ಎಸ್ ಬಿಟ್ಟೋನು ಟೈಪಿಸ್ಟ್ ಆಗಲ್ಲ, ಪ್ಯೂನೂ ಆಗಲ್ಲ!’ ಬಾಗಿಲ ಹಿಂದೆ ನಾನು ಸದ್ದಿಲ್ಲದೆ ಶೀ ರನ್ಸ್, ಶೀ ರನ್ಸ್ ಅನ್ನುತ್ತಿದ್ದೆ. ‘ಅವಳು’ ಎಂದರೆ ನಾನೇ ಎಂದು ತಿಳಿದಿದ್ದೆ. ನಾನು ಎಲ್ಲಿಗೆ ಹೋದರೂ ಆ ಎಸ್ಸು ಬಾಲದ ಹಾಗೆ ನನ್ನ ಹಿಂದೆಯೇ ಬರಬೇಕು ಎಂದುಕೊಂಡು ಒಳಗೊಳಗೇ ನಗುತ್ತಿದ್ದೆ. ಅಣ್ಣ ನನಗೆ ಬಾಗಿಲ ಸಂದಿ ಎಂದು ಹೆಸರಿಟ್ಟಿದ್ದು ಆ ದಿನಗಳಲ್ಲೇ. ಅಂತೂ ಏಟೆಲ್ಲ ಅವನಿಗೆ ಬಿತ್ತು, ಪಾಠ ನನಗೆ ಹತ್ತಿತು.

ಆ ಪಾಠ ಹೋದ ತಿಂಗಳು ನನ್ನನ್ನು ಹೇಗೆ ಗುಂಡಿಗೆ ಕೆಡವಿತು ಕೇಳಿ. ನಮ್ಮ ಕಟ್ಟಡದಲ್ಲಿ ಹದಿನಾರು ಅಂಗಡಿಗಳಿವೆ, ನಮ್ಮದು ಮೆಟ್ಟಿಲ ಕೆಳಗಿನದು. ಅಷ್ಟಕ್ಕೂ ಸೇರಿ ಮೇಲಿನ ಮಹಡಿಯಲ್ಲಿ ಒಂದು ಆಫೀಸಿದೆ. ಲೈಸೆನ್ಸ್ ಹೊಸದು ಮಾಡಬೇಕೆಂದು ಅವರು ಎಲ್ಲರಿಗೂ ಇಂಗ್ಲಿಷಿನ ಫಾರಂ ಹಂಚಿದರು. ನಾನು ಯಾರನ್ನೂ ಕೇಳಲಿಲ್ಲ. ನಾಲ್ಕು ತಿಂಗಳಿಂದ ಸಂಜೆಯ ಇಂಗ್ಲಿಷ್ ಕ್ಲಾಸಿಗೆ ಹೋಗುತ್ತಿದ್ದೇನೆ, ಅದರ ಕೊಬ್ಬು. ಅಂಗಡಿಯ ಹೆಸರು, ವಿಳಾಸ, ಮೆಷಿನ್ ಎಷ್ಟು, ಎಲ್ಲ ತುಂಬಿದೆ. ಏಳನೇ ಪ್ರಶ್ನೆ ‘ಹೂ ರನ್ಸ್ ದಿ ಶಾಪ್’ ಎಂದಿತ್ತು. ಅಂಗಡಿಯಲ್ಲಿ ಓಡುವವರು ಯಾರು? ನಾನಂತೂ ಕೌಂಟರಿನ ಹಿಂದೆ ಕೂತಿರುತ್ತೇನೆ, ಇಸ್ತ್ರಿ ಮಾಡುವಾಕೆ ನಿಂತಿರುತ್ತಾಳೆ. ಓಡುವವರೆಂದರೆ ಗಂಟೆ ಮಾಮ. ಮನೆಮನೆಗೆ ಬಟ್ಟೆ ಮುಟ್ಟಿಸುವವರು, ಅರವತ್ತೆಂಟು ವಯಸ್ಸು, ಸೈಕಲ್ಲಿನ ಗಂಟೆ ಬಾರಿಸದೆ ಒಂದು ತಿರುವೂ ತಿರುಗುವವರಲ್ಲ, ಅದಕ್ಕೇ ಆ ಹೆಸರು. ಇದನ್ನು ಕೇಳುವುದೇಕೆ ಎಂಬ ಅನುಮಾನವೂ ಬರಲಿಲ್ಲ, ಏಕೆಂದರೆ ಅದರ ಹಿಂದಿನ ವಾರವೇ ‘ಮೆಟ್ಟಿಲ ಮೇಲೆ ಓಡಬಾರದು’ ಎಂದು ಅದೇ ಆಫೀಸಿನವರು ಬೋರ್ಡು ಹಾಕಿದ್ದರು. ಓಹೋ, ಯಾರು ಓಡುತ್ತಾರೆಂದು ಪತ್ತೆ ಹಚ್ಚುತ್ತಿದ್ದಾರೆ ಎಂದುಕೊಂಡು ಮಾಮನ ಹೆಸರು ಬರೆದೆ. ಸಾಲದ್ದಕ್ಕೆ ‘ಹೀ ರನ್ಸ್ ಡೈಲಿ, ಮಾರ್ನಿಂಗ್ ಅಂಡ್ ಈವ್ನಿಂಗ್’ ಎಂದು ವಿವರ ಬೇರೆ. ಎಸ್ ಮಾತ್ರ ಬಿಟ್ಟಿರಲಿಲ್ಲ ಅಪ್ಪಾ. ಇಡೀ ಉತ್ತರದಲ್ಲಿ ಸರಿಯಾಗಿದ್ದದ್ದು ಅದೊಂದೇ.

ನಿಮ್ಮ ಚೀಟಿ ಬಂದ ಮರುದಿನವೇ ಲೈಸೆನ್ಸ್ ಕಾರ್ಡು ಬಂತು. ಅಂಗಡಿ ನಡೆಸುವವರ ಜಾಗದಲ್ಲಿ ಗಂಟೆ ಮಾಮನ ಹೆಸರು! ಕರೆಂಟಿನ ಅರ್ಜಿಯಿಂದ ಹಿಡಿದು ಶಟರಿನ ಬೀಗ ಬದಲಾಯಿಸುವವರೆಗೆ ಇನ್ನು ಮುಂದೆ ಅವರ ಸಹಿಯೇ ಬೇಕಂತೆ. ಮಾಮ ಕಾರ್ಡು ನೋಡಿ ಸೈಕಲ್ಲಿಗೆ ಸ್ಟ್ಯಾಂಡ್ ಹಾಕುವುದನ್ನೂ ಮರೆತರು. ಸೈಕಲ್ಲು ಒಂದು ಕಡೆ, ಬಟ್ಟೆಯ ಗಂಟು ಒಂದು ಕಡೆ. ‘ಅಯ್ಯೋ ನನ್ನವ್ವಾ, ನಾನೇನು ಮಾಡ್ದೆ? ನನ್ ಹೆಸರು ತೆಗೆಸ್ಬಿಡಮ್ಮಾ, ನಂಗೆ ಸಹಿ ಮಾಡೋಕೂ ಸರಿಯಾಗಿ ಬರಲ್ಲ’ ಎಂದು ಅಳುವುದೊಂದು ಬಾಕಿ. ನಾನು ಮೇಲಿನ ಆಫೀಸಿಗೆ ಹೋದೆ. ಅಲ್ಲಿನ ಗುಮಾಸ್ತರು ಫಾರಂ ತೆಗೆದು ನನ್ನ ಅಕ್ಷರವನ್ನೇ ನನಗೆ ತೋರಿಸಿದರು. ಆಮೇಲೆ ಕನ್ನಡಕದ ಮೇಲಿಂದ ನೋಡಿ, ‘ನೀವು ಅಲ್ಲಿ ಕೆಲಸಕ್ಕಿದ್ದೀರೇನಮ್ಮಾ?’ ಎಂದರು. ಅವರ ತಪ್ಪಿಲ್ಲ, ಕಾಗದದಲ್ಲಿ ಇದ್ದದ್ದನ್ನು ಕೇಳಿದರು. ಆದರೆ ನನಗೆ ಕಪಾಳಕ್ಕೆ ಬಾರಿಸಿದ ಹಾಗಾಯಿತು. ತಿದ್ದಬೇಕಾದರೆ ಇಬ್ಬರ ಸಹಿ ತರಬೇಕೆಂದು ತಿದ್ದುಪಡಿಯ ಹಾಳೆ ಕೊಟ್ಟರು. ಇಪ್ಪತ್ತೆಂಟರೊಳಗೆ ತಿದ್ದಿ ಕೊಡದಿದ್ದರೆ ಮುಂದಿನ ಐದು ವರ್ಷ ಮಾಮನ ಹೆಸರೇ ಗಟ್ಟಿ. ಒಂದು ಸಹಿ ಆಗಿದೆ, ನಮ್ಮ ಟೀಚರಮ್ಮನದು. ಇನ್ನೊಂದರ ವಿಷಯ ಆಮೇಲೆ ಹೇಳುತ್ತೇನೆ.

ಟೀಚರಮ್ಮನೆಂದರೆ ಲೈಬ್ರರಿಯ ಮಹಡಿಯಲ್ಲಿ ಸಂಜೆ ಒಂದು ಗಂಟೆ ನಮ್ಮಂಥವರಿಗೆ ಇಂಗ್ಲಿಷ್ ಹೇಳಿಕೊಡುವವರು. ಕ್ಷೌರದಂಗಡಿಯವರು, ಬೀಗದ ಕೈ ಮಾಡುವವರು, ಬ್ಯಾಂಕಿನ ವಾಚ್‌ಮ್ಯಾನ್, ನಾನು. ಎಲ್ಲರೂ ನಡುವಯಸ್ಸಿನವರು, ಬೆಂಚು ಮಾತ್ರ ಮಕ್ಕಳದು. ನನ್ನ ಪ್ರತಾಪ ಕೇಳಿ ಟೀಚರಮ್ಮ ಹೊಟ್ಟೆ ಹಿಡಿದು ನಕ್ಕರು, ಆಮೇಲೆ ಸೀಮೆಸುಣ್ಣ ಎತ್ತಿಕೊಂಡು ಬೋರ್ಡಿನ ತುಂಬ ಆ ಒಂದೇ ಪದವನ್ನು ಬರೆದರು. ಅಪ್ಪಾ, ಅದೇನು ಪದವೋ ಅದು! ಅವರಿಗೆ ವರ್ಷವಿಡೀ ನೆಗಡಿ, ಮೂಗು ಸೋರಿದರೆ ಅದು ರನ್. ನಲ್ಲಿ ಸುರಿದರೆ ರನ್. ಗೋಡೆಯಲ್ಲಿ ಬಿರುಕು ಬಿಟ್ಟರೆ ಸೂರಿನಿಂದ ನೆಲದವರೆಗೆ ಅದೂ ರನ್ ಆಗುತ್ತದೆ. ಸೋಪು ಮುಗಿದರೆ ರನ್ ಔಟ್, ಕ್ರಿಕೆಟ್ ಆಡುವವರೇ ಬೇಕಿಲ್ಲ. ಬಟ್ಟೆ ಬಣ್ಣ ಬಿಟ್ಟರೂ ರನ್. ಅಂಗಿಯ ಕಾಲರಿನ ಒಳಗೆ ಚಿಕ್ಕ ಪಟ್ಟಿಯ ಮೇಲೆ ‘ಮೇ ರನ್’ ಎಂದು ಇದನ್ನೇ ಅಚ್ಚು ಹಾಕಿರುತ್ತಾರೆ, ನಾನು ಇಷ್ಟು ದಿನ ಈ ಅಂಗಿ ತೊಟ್ಟುಕೊಂಡು ಓಡಬಹುದು ಎಂಬ ಜಾಹೀರಾತು ಅಂದುಕೊಂಡಿದ್ದೆ. ‘ಒಂದೇ ಪದಕ್ಕೆ ಇಷ್ಟು ಕೆಲಸ ಹಚ್ಚಿದ್ರೆ ಅದಕ್ಕೆ ರಜೆ ಯಾವಾಗ ಟೀಚರಮ್ಮಾ?’ ಎಂದು ಕ್ಷೌರದವರು ಕೇಳಿದರು, ಅವರಿಗೆ ವಾರದ ರಜೆಯದೇ ಚಿಂತೆ. ನಾವೇನು ಕಡಿಮೆಯೇ ಎಂದು ನಾನೂ ವಾದಕ್ಕೆ ನಿಂತೆ. ನಮ್ಮಲ್ಲೂ ಸಿನಿಮಾ ನೂರು ದಿನ ಓಡುತ್ತದೆ, ಲೆಕ್ಕದ ಪೀರಿಯಡ್ಡಿನಲ್ಲಿ ತಲೆ ಓಡುವುದಿಲ್ಲ, ಸಂತೆಯಲ್ಲಿ ಒಮ್ಮೆ ಕಣ್ಣು ಓಡಿಸಿದರೆ ಸಾಕು. ಎಲ್ಲ ಸರಿ, ಆದರೆ ಅಂಗಡಿಯನ್ನೂ ಸಂಸಾರವನ್ನೂ ನಾವು ನಡೆಸುತ್ತೇವೆ. ಇಂಗ್ಲಿಷಿನವರು ಓಡಿಸುತ್ತಾರಂತೆ. ಅದೇನು ಅವಸರವೋ ಅವರಿಗೆ! ಕೊನೆಗೆ ಟೀಚರಮ್ಮ ಮನೆತನದಲ್ಲಿ ಹರಿದು ಬರುವ ಗುಣಕ್ಕೂ ಇದೇ ಪದ ಎಂದು ಬರೆದು, ಉದಾಹರಣೆ ಕೊಡಿ ಎಂದರು. ನಾನು ಕೈಯೆತ್ತಿ, ನಮ್ಮ ಮನೆಯಲ್ಲಿ ಹಠ ಎಂದೆ.

ಈಗ ಆ ದಿನದ ವಿಷಯಕ್ಕೆ ಬರುತ್ತೇನೆ. ಹದಿಮೂರು ವರ್ಷ ಯಾರೂ ಕೇಳಲಿಲ್ಲ, ಆದ್ದರಿಂದ ಹೇಳಿಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಇಸ್ತ್ರಿ ಗಾಡಿ ನಿಲ್ಲಿಸಿಕೊಂಡಿದ್ದವರನ್ನು ಮದುವೆಯಾಗುತ್ತೇನೆ ಎಂದು ನಾನು ಮುಚ್ಚಿಡಲಿಲ್ಲ. ಮೂರು ಸಲ ನಿಮ್ಮ ಮುಂದೆ ನಿಂತು ಹೇಳಿದೆ. ‘ನನ್ನ ಅಂಗಿ ಇಸ್ತ್ರಿ ಮಾಡೋನು ನನ್ನ ಅಳಿಯನಾ?’ ಎಂದು ಮೂರು ಸಲವೂ ಅದೇ ಮಾತು ಹೇಳಿದಿರಿ. ನಾಲ್ಕನೇ ಸಲ ಹೇಳಲಿಲ್ಲ, ಹೊರಟೆ. ಹಾಡುಹಗಲು, ಹನ್ನೊಂದು ಗಂಟೆ, ಎದುರು ಮನೆಯವರು ಬಾಗಿಲಲ್ಲೇ ನಿಂತಿದ್ದರು. ತಿರುವಿನವರೆಗೆ ಹೋದಾಗ ಹಿತ್ತಿಲ ನಲ್ಲಿ ಬಿಟ್ಟು ಬಂದದ್ದು ನೆನಪಾಯಿತು. ಆ ತಿಂಗಳು ದಿನಬಿಟ್ಟು ದಿನ ನೀರು, ತೊಟ್ಟಿ ತುಂಬಿ ಚೆಲ್ಲಿಹೋದರೆ ಅಮ್ಮ ಸಂಜೆಗೆ ಏನು ಮಾಡುತ್ತಾಳೆ? ವಾಪಸು ಬಂದೆ. ನಲ್ಲಿ ನಿಲ್ಲಿಸಿದೆ, ತೊಟ್ಟಿಗೆ ಮುಚ್ಚಳ ಮುಚ್ಚಿದೆ, ತಂತಿಯ ಮೇಲಿದ್ದ ನಿಮ್ಮ ಬಿಳಿ ಅಂಗಿ ಮಡಚಿ ಕುರ್ಚಿಯ ಮೇಲಿಟ್ಟೆ, ಮತ್ತೆ ಹೊರಟೆ. ಚಪ್ಪಲಿಯ ಬಾರು ಬೇರೆ ಕಿತ್ತಿತ್ತು, ಬಸ್ಸಿನವರೆಗೆ ಕಾಲೆಳೆದುಕೊಂಡು ನಡೆದೆ. ಬೋರ್ಡಿನ ಮೇಲೆ ಟೀಚರಮ್ಮ ನಲ್ಲಿಯ ವಾಕ್ಯ ಬರೆದಾಗ ಇದೆಲ್ಲ ಕಣ್ಣಿಗೆ ಕಟ್ಟಿತು. ಅಪ್ಪಾ, ಅವತ್ತು ನಮ್ಮ ಮನೆಯಲ್ಲಿ ಓಡುತ್ತಿದ್ದದ್ದು ನಲ್ಲಿ ಮಾತ್ರ. ಅದನ್ನೂ ನಿಲ್ಲಿಸಿಯೇ ಬಂದೆ. ಓಡಿಹೋಗುವವರು ಯಾರಾದರೂ ಅರ್ಧ ದಾರಿಯಿಂದ ತಿರುಗಿ ಬಂದು ಮನೆಗೆಲಸ ಮುಗಿಸಿ ಹೋಗುತ್ತಾರೆಯೇ? ನಿಮಗೆ ಸಿಟ್ಟಿದ್ದರೆ ಬಿಟ್ಟುಹೋದವಳು ಎನ್ನಿ, ಮಾತು ಮೀರಿದವಳು ಎನ್ನಿ, ಒಪ್ಪಿಕೊಳ್ಳುತ್ತೇನೆ. ಓಡಿಹೋದವಳು ಎಂದರೆ ಒಪ್ಪುವುದಿಲ್ಲ.

ನಿಮ್ಮ ಅಳಿಯ ನಿಮ್ಮ ಬಗ್ಗೆ ಒಂದು ದಿನವೂ ಹಗುರವಾಗಿ ಮಾತಾಡಿದವರಲ್ಲ. ಕಾಲರು ಸರಿಯಾಗಿ ನಿಲ್ಲದಿದ್ದರೆ ‘ನಿಮ್ಮಪ್ಪನ ಕಾಲರ್ ಕಣೇ ಕಾಲರ್ ಅಂದ್ರೆ, ಅದು ಕೂತಲ್ಲಿ ಕೂರೋದು’ ಅನ್ನುತ್ತಿದ್ದರು, ಹೊಗಳುತ್ತಿದ್ದರೋ ಚುಚ್ಚುತ್ತಿದ್ದರೋ ಇಂದಿಗೂ ಗೊತ್ತಿಲ್ಲ. ಗಾಡಿಯಿಂದ ಈ ಅಂಗಡಿಗೆ ಬಂದೆವು, ಮೆಷಿನ್ ತಂದೆವು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಯಾರದೋ ನೀಲಿ ಅಂಗಿಯ ಒಂದು ತೋಳು ಮುಗಿಸಿ, ಎದೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತರು, ಮತ್ತೆ ಏಳಲಿಲ್ಲ. ನಾನು ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದೆ, ಆಮೇಲೆ ಕಿರುಚಿದೆ. ನಾಲ್ಕು ದಿನ ಬಿಟ್ಟು ಆ ಅಂಗಿಯ ಇನ್ನೊಂದು ತೋಳನ್ನು ನಾನೇ ಮುಗಿಸಿ ಕೊಟ್ಟೆ. ಅವತ್ತಿನಿಂದ ಇವತ್ತಿನವರೆಗೆ ಈ ಅಂಗಡಿಯ ಶಟರು ಬೆಳಿಗ್ಗೆ ಏಳಕ್ಕೆ ಎದ್ದಿದೆ. ಡ್ರೈಯರ್ ಕೆಟ್ಟರೆ ಬಿಚ್ಚಿ ಬೆಲ್ಟ್ ಹಾಕಲು ಕಲಿತೆ. ಕರೆ ಬಿದ್ದ ಬಟ್ಟೆಯನ್ನು ಮೂಸಿಯೇ ಎಣ್ಣೆಯದೋ ಶಾಯಿಯದೋ ಹೇಳುತ್ತೇನೆ. ಆಸ್ಪತ್ರೆಯ ಬೆಡ್‌ಶೀಟು ಒಂದು ದಿನವೂ ತಡವಾಗಿಲ್ಲ. ಇಸ್ತ್ರಿಯಾಕೆ ಬಾಣಂತನಕ್ಕೆ ಹೋದಾಗ ಮೂರು ತಿಂಗಳು ಎರಡೂ ಕೆಲಸ ನನ್ನ ಮೈಮೇಲೆ. ಇಷ್ಟೆಲ್ಲ ಮಾಡುವವಳು ನಾನು ಎಂದು ನನಗೇ ಹೊಳೆಯಲಿಲ್ಲ ನೋಡಿ! ‘ಈ ಅಂಗಡಿ ನಡೆಸುವವರು ಯಾರು’ ಎಂದು ಕೇಳಿದರೆ ಸೈಕಲ್ಲಿನವರತ್ತ ಬೆರಳು ತೋರಿಸಿದೆ. ಅದು ಇಂಗ್ಲಿಷಿನ ತಪ್ಪು ಮಾತ್ರ ಅಲ್ಲ ಅಂತ ಈಗ ಅನ್ನಿಸುತ್ತಿದೆ. ಆ ಪದಕ್ಕೆ ನೀವು ಒಂದೇ ಅರ್ಥ ಹೇಳಿಕೊಟ್ಟಿರಿ, ಆಮೇಲೆ ಅದೇ ಅರ್ಥವನ್ನು ನನ್ನ ಹಣೆಗೆ ಅಂಟಿಸಿದಿರಿ. ಎರಡನ್ನೂ ನಂಬಿಕೊಂಡು ಕೂತಿದ್ದೆ.

ಇನ್ನು ನಂಬುವುದಿಲ್ಲ. ನಾನು ಬರುವುದಿಲ್ಲ ಅಪ್ಪಾ. ಅಮ್ಮನನ್ನು ನೋಡಲು ಬರುತ್ತೇನೆ, ನಿಮ್ಮ ಕಣ್ಣು ನೋಡಲು ಬರುತ್ತೇನೆ. ಭಾನುವಾರ ಬಂದು ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಹೊರಡುತ್ತೇನೆ, ಏಕೆಂದರೆ ಸೋಮವಾರ ಹೋಟೆಲಿನ ಮೇಜುಬಟ್ಟೆಗಳು ಬರುತ್ತವೆ. ಮುಂಬಾಗಿಲಿನಿಂದ ಬರುತ್ತೇನೆ, ಮುಂದಿನ ಕೋಣೆಯಲ್ಲೇ ಕೂರುತ್ತೇನೆ. ಅಂಗಡಿಯನ್ನು ‘ಯಾರಿಗಾದರೂ’ ಒಪ್ಪಿಸಿ ಬಾ ಎಂದಿರಿ. ಅದನ್ನು ವಹಿಸಿಕೊಳ್ಳಬೇಕಾದ ಆ ‘ಯಾರಾದರೂ’ ನಾನೇ, ಆಗಲೇ ವಹಿಸಿಕೊಂಡಾಗಿದೆ. ಕ್ಷಮಿಸಿದ್ದೇವೆ ಎಂಬ ಧಾಟಿಯಲ್ಲಿ ಕರೆದರೆ ಬರುವವಳಲ್ಲ, ಮಗಳೇ ಊಟಕ್ಕೆ ಬಾ ಎಂದರೆ ಇವತ್ತೇ ಹೊರಡುವವಳು. ಅಣ್ಣನ ಮಗಳಿಗೆ ಹೇಳಿ, ಅವಳ ಅತ್ತೆಯ ಅಂಗಡಿಯಲ್ಲಿ ಅವಳಿಗಿಂತ ಎತ್ತರದ ಮೆಷಿನ್ ಇದೆ, ಗಾಜಿನ ಬಾಗಿಲಿನಲ್ಲಿ ಬಟ್ಟೆ ತಿರುಗುವುದು ಕಾಣುತ್ತದೆ, ರಜೆಯಲ್ಲಿ ಬಂದು ನೋಡಲಿ. ಅವಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೀರಂತೆ, ಮೇಜಿನ ಎದುರಿಗೇ ಕೂರಿಸಿಕೊಂಡು. ಕೇಳಿ ಹೊಟ್ಟೆ ತಣ್ಣಗಾಯಿತು. ಒಂದಿಷ್ಟು ಹೊಟ್ಟೆಕಿಚ್ಚೂ ಆಯಿತು.

ಮೆಷಿನ್ ಕೂಗುತ್ತಿದೆ, ಬೆಡ್‌ಶೀಟು ತೆಗೆಯಬೇಕು. ಅಮ್ಮನಿಗೆ ನನ್ನ ನಮಸ್ಕಾರ, ಅತ್ತಿಗೆಗೆ ನೆನಪು, ಅಣ್ಣನಿಗೆ ಮುಂದಿನ ಸಲ ಕೌಂಟರಿನ ಈಚೆ ಬರಲು ಹೇಳಿ. ನಿಮ್ಮ ಆಶೀರ್ವಾದವನ್ನು ನಾನು ಕೇಳುವುದಿಲ್ಲ, ಕೊಡುವ ಮನಸ್ಸಾದರೆ ಬೇಡ ಎನ್ನುವುದೂ ಇಲ್ಲ.

ನಿಮ್ಮ ಮಗಳು,
ಬಾಗಿಲ ಸಂದಿ

ಮರೆತಿದ್ದೆ: ಮರೆತಿದ್ದೆ ಎಂಬುದು ಸುಳ್ಳು, ಬರೆಯಲು ಧೈರ್ಯ ಸಾಲದೆ ಇಲ್ಲಿಯವರೆಗೆ ತಳ್ಳಿದೆ. ಎರಡನೇ ಸಹಿ ಮನೆಯವರದ್ದೇ ಆಗಬೇಕಂತೆ. ‘ಗಂಡ ಇಲ್ಲ ಅಂದ್ರೆ ತಂದೆ, ತಂದೆ ಇಲ್ಲ ಅಂದ್ರೆ ಅಣ್ಣ’ ಎಂದರು ಗುಮಾಸ್ತರು. ತಂದೆ ಇದ್ದಾರೆ ಎಂದೆ. ತಿದ್ದುಪಡಿಯ ಹಾಳೆ ಇದರ ಜೊತೆಗಿದೆ, ತಿರುಗಿ ಕಳಿಸಲು ಅಂಚೆಚೀಟಿ ಅಂಟಿಸಿದ ಲಕೋಟೆಯೂ ಇದೆ. ನೀವು ಸಹಿ ಮಾಡದಿದ್ದರೆ ನಾನು ದಿನಾ ಬೆಳಿಗ್ಗೆ ಆ ಆಫೀಸಿನ ಮುಂದೆ ಹೋಗಿ ನಿಲ್ಲುತ್ತೇನೆ, ಅಂಗಡಿಯನ್ನಂತೂ ಬಿಡುವುದಿಲ್ಲ. ಆದರೆ ಸಹಿಯ ಮೇಲ್ಗಡೆ ಆ ಏಳನೇ ಪ್ರಶ್ನೆಯನ್ನೇ ಮತ್ತೆ ಕೇಳಿದ್ದಾರೆ, ಮನೆಯವರು ಸ್ವತಃ ಇಂಗ್ಲಿಷಿನಲ್ಲಿ ಉತ್ತರ ಬರೆಯಬೇಕಂತೆ. ಟೈಪ್ ಮಾಡಿದರೂ ನಡೆಯುತ್ತದೆ. ಅಣ್ಣನ ಕೈಗೆ ಕೊಡಬೇಡಿ. ನೀವೇ ಬರೆಯಿರಿ, ‘ನನ್ನ ಮಗಳು’ ಎಂದು ಶುರುಮಾಡಿ, ಮತ್ತೆ ಆ ಕ್ರಿಯಾಪದಕ್ಕೆ ಎಸ್ ಹಚ್ಚುವುದನ್ನು ಮರೆಯಬೇಡಿ.